ಕಾರ್ಖಾನೆಗೆ ಜಾಗ ಕೇಳಿ ಪತ್ರ ಬಂದರೆ: ಪಂಚಾಯಿತಿಗಳಿಗೆ ಕೈಪಿಡಿ

ಜಾಗ ಹುಡುಕುವವರ ಪತ್ರದಲ್ಲಿ ಎಷ್ಟೋ ಸಲ ಕಂಪನಿಯ ಹೆಸರೇ ಇರುವುದಿಲ್ಲ. ಇಷ್ಟು ಎಕರೆ, ಇಷ್ಟು ಕರೆಂಟು, ದಿನಕ್ಕೆ ಇಷ್ಟು ನೀರು, ಇಂಥ ತಾರೀಖಿನೊಳಗೆ ಉತ್ತರ, ಅಷ್ಟೇ. ಹೆಸರು ಕೆದಕುತ್ತ ಕೂರಬೇಡಿ. ಕೇಳಿದ್ದು 25 ಎಕರೆ, ಇರುವುದು 12 ಎಂದಾದರೆ ಅಂದೇ ‘ಇಲ್ಲ, 12 ಇದೆ’ ಎಂದು ಬರೆಯಿರಿ. ಮುಂದೆ 10 ಎಕರೆ ಬೇಕಾದಾಗ ಅವರಿಗೆ ನಿಮ್ಮ ಊರು ನೆನಪಾಗುತ್ತದೆ.

ಊರುಗಳು ಹೆಚ್ಚಾಗಿ ಎಡವುವುದು ಜಮೀನಿನ ಲೆಕ್ಕದಲ್ಲಿ. ಪತ್ರ ಬಂದ ಮೇಲೆ ದಾಖಲೆ ಹುಡುಕಲು ಹೊರಟರೆ ಗಡುವು ಮುಗಿದಿರುತ್ತದೆ. ಮೊದಲೇ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ಗುರುತಿಸಿ, ಗ್ರಾಮ ನಕಾಶೆ ಪಕ್ಕಕ್ಕಿಟ್ಟುಕೊಂಡು ನೋಡಿ: ನಡುವೆ ಬಂಡಿದಾರಿ, ಹಳ್ಳ, ರಾಜಕಾಲುವೆ ಹಾದಿದೆಯೇ? ಪಹಣಿಯಲ್ಲಿ ‘ಬಿ’ ಖರಾಬು (ದಾರಿ, ಹಳ್ಳದಂಥ ಸಾಗುವಳಿಗೆ ಸೇರದ ಜಾಗ) ಇದ್ದರೆ ಕಳೆಯಿರಿ, ಅದು ಸಾರ್ವಜನಿಕರದ್ದು. 10 ಎಕರೆಯಲ್ಲಿ 1 ಎಕರೆ 20 ಗುಂಟೆ ಖರಾಬು ಹೋದರೆ ಉಳಿಯುವುದು 8 ಎಕರೆ 20 ಗುಂಟೆ. ಪಹಣಿಯ 11ನೇ ಕಾಲಂನಲ್ಲಿ ಸಾಲ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ತೆಗೆದ ಇ.ಸಿ.ಯಲ್ಲಿ (ಋಣಭಾರ ಪತ್ರ) ಅಡಮಾನ ಇದೆಯೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. ಮುಚ್ಚಿಟ್ಟರೆ ಕಂಪನಿಯ ವಕೀಲರು ಹೇಗೂ ಹೊರಗೆಳೆಯುತ್ತಾರೆ, ಆಮೇಲೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಮಾಲೀಕರಿಂದ ಎಕರೆ ದರ ಮತ್ತು ಆ ದರ ಎಷ್ಟು ತಿಂಗಳು ನಿಲ್ಲುತ್ತದೆಂಬುದನ್ನು ಬರಹದಲ್ಲಿ ಪಡೆಯಿರಿ. ಎಲ್ಲ ಪಾಲುದಾರರ ಸಹಿ ಬೇಕು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ. ನಟ್ಟನಡುವಿನ ಎರಡು ಎಕರೆಯವರು ಒಪ್ಪದಿದ್ದರೆ ಅದನ್ನು ನಕ್ಷೆಯಲ್ಲಿ ಬಿಟ್ಟೇ ತೋರಿಸಿ.

‘ನಮ್ಮ ಬೋರಲ್ಲಿ ಮೂರಿಂಚು ನೀರು’ ಎಂಬುದು ಉತ್ತರವಲ್ಲ. ಏಪ್ರಿಲ್‌ನಲ್ಲಿ ಅಳೆದದ್ದನ್ನು ಕೊಡಿ: ಗಂಟೆಗೆ 5,000 ಲೀಟರಿನಂತೆ 16 ಗಂಟೆ ಬಂದರೆ ದಿನಕ್ಕೆ 80,000 ಲೀಟರು, ಅವರ ಭಾಷೆಯಲ್ಲಿ 80 ಕೆಎಲ್‌ಡಿ (ದಿನಕ್ಕೆ ಕಿಲೋಲೀಟರು). ಹಾಗೆಯೇ ಕರೆಂಟು ಲೈನು ಪಕ್ಕದಲ್ಲೇ ಹೋಗಿದೆ ಎಂದರೆ ಸಾಲದು. ಸಬ್‌ಸ್ಟೇಷನ್ ಎಷ್ಟು ದೂರ, ಅಲ್ಲಿ ಎಷ್ಟು ಸಾಮರ್ಥ್ಯ ಮಿಕ್ಕಿದೆ ಎಂದು ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಯಿಂದ ಬರೆಸಿಕೊಳ್ಳಿ. ರಸ್ತೆಯ ಅಗಲ ಎಲ್ಲರೂ ಬರೆಯುತ್ತಾರೆ, ರೈಲ್ವೆ ಅಂಡರ್‌ಪಾಸ್‌ನ ಎತ್ತರ ಮರೆಯುತ್ತಾರೆ. ಕಂಟೇನರ್ ಲಾರಿ ಸಿಕ್ಕಿಕೊಳ್ಳುವುದು ಅಲ್ಲೇ.

ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು, ಪಂಚಾಯಿತಿಯ ಕೈಯಲ್ಲಿಲ್ಲ. ‘ತಿಂಗಳಲ್ಲಿ ಮಾಡಿಸಿಕೊಡುತ್ತೇವೆ’ ಎಂದು ಬರೆಯಲೇಬೇಡಿ. ಉತ್ತರದಲ್ಲಿ ಈಗ ಇರುವುದನ್ನು ಒಂದು ಕಡೆ, ಆಗಬೇಕಾದದ್ದನ್ನು ಇನ್ನೊಂದು ಕಡೆ ಬರೆಯಿರಿ, ಅವರ ಪ್ರಶ್ನೆಗಳ ಕ್ರಮದಲ್ಲೇ. ಕೊನೆಗೆ ಒಬ್ಬರದೇ ಫೋನ್ ನಂಬರು.