ಮತವಿಲ್ಲದವಳ ಚುನಾವಣೆ

ಅಮೆರಿಕದಲ್ಲಿ ಕೆಲಸದ ವೀಸಾದ ಮೇಲಿರುವವರು ಮತ ಹಾಕುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಒಂದು ಡಾಲರ್ ದೇಣಿಗೆಯನ್ನೂ ಕೊಡುವಂತಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅಧ್ಯಕ್ಷರ ಚುನಾವಣೆಯಿಂದ ಹಿಡಿದು ಊರಿನ ಮೇಯರ್ ಚುನಾವಣೆಯವರೆಗೂ ಈ ನಿಷೇಧವಿದೆ; ಗ್ರೀನ್ ಕಾರ್ಡ್ ಬಂದ ಮೇಲೆ ದೇಣಿಗೆ ಕೊಡಬಹುದು, ಮತ ಆಗಲೂ ಇಲ್ಲ. ಆದರೆ ಸಂಬಳವಿಲ್ಲದೆ ದುಡಿಯಲು ಕಾನೂನಿನ ಅಡ್ಡಿಯಿಲ್ಲ. ಹಣ ಎಲ್ಲಿ ಸುರಿಯಬೇಕು, ಪ್ರಚಾರ ಹೇಗೆ ನಡೆಸಬೇಕು ಎಂಬ ತೀರ್ಮಾನಗಳಿಂದ ಮಾತ್ರ ದೂರವಿರಬೇಕು. ಡೆಮಾಕ್ರಟಿಕ್ ಪಕ್ಷದ ಜೊಹ್ರಾನ್ ಮಮ್ದಾನಿ 2025ರಲ್ಲಿ ನ್ಯೂಯಾರ್ಕ್ ಮೇಯರ್ ಸ್ಥಾನಕ್ಕೆ ನಿಂತಾಗ, ಅದೇ ನಗರದ ಕ್ವೀನ್ಸ್‌ನ ಬಾಡಿಗೆ ಮನೆಯಲ್ಲಿದ್ದ ನನ್ನಲ್ಲಿ ಕೊಡಲು ಇದ್ದದ್ದು ಸಂಜೆಗಳು, ವಾರಾಂತ್ಯಗಳು ಮತ್ತು ಹುಬ್ಬಳ್ಳಿಯ ಬೀದಿಯಲ್ಲಿ ಕಲಿತ ಹಿಂದಿ-ಉರ್ದು.

ಈ ಕೆಲಸದ ಅ ಆ ಇ ಈ ಕಲಿತದ್ದು 2020ರಲ್ಲಿ, ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಬಯಸಿದ್ದ ಬರ್ನಿ ಸ್ಯಾಂಡರ್ಸ್ ಪ್ರಚಾರದ ಸಮಯದಲ್ಲಿ. ನಾನಾಗ ವಿದ್ಯಾರ್ಥಿನಿ. ಹಾಸ್ಟೆಲ್ ಕೋಣೆಯಲ್ಲಿ ಕುಳಿತು ಎಂದೂ ನೋಡದ ಅಯೋವಾ ರಾಜ್ಯದ ಮತದಾರರಿಗೆ ಮೊಬೈಲ್ ಸಂದೇಶ ಕಳಿಸುತ್ತಿದ್ದೆವು. ತಂತ್ರಾಂಶ ಹೆಸರು, ಸಂಖ್ಯೆ, ಸಂದೇಶ ಎಲ್ಲವನ್ನೂ ಸಿದ್ಧವಾಗಿ ತಂದಿಡುತ್ತಿತ್ತು. ಆದರೂ ಪ್ರತಿಯೊಂದನ್ನೂ ಮನುಷ್ಯರ ಬೆರಳೇ ಒತ್ತಿ ಕಳಿಸಬೇಕಿತ್ತು, ಏಕೆಂದರೆ ಯಂತ್ರವೇ ತಾನಾಗಿ ಸಂದೇಶ ಕಳಿಸಿದರೆ ದೂರವಾಣಿ ಕಾನೂನಿನ ತೊಡಕು. ‘ನಿಲ್ಲಿಸಿ’ ಎಂದವರನ್ನು ಅಲ್ಲಿಗೇ ಬಿಡಬೇಕು. ಬೈದವರಿಗೆ ಉತ್ತರಿಸಬಾರದು. ‘ನನಗೆ ಇನ್ಸುಲಿನ್ ಕೊಳ್ಳಲಾಗುತ್ತಿಲ್ಲ’ ಎಂದು ಯಾರಾದರೂ ಬರೆದರೆ ಸಿದ್ಧ ಉತ್ತರಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಮಾತನಾಡಬೇಕು. ಇಂಟರ್ನೆಟ್ ರಾಜಕೀಯ ಎಂದರೆ ಟ್ವಿಟರ್ ಜಗಳ ಎಂದುಕೊಂಡಿದ್ದವಳಿಗೆ ಅದು ಗುಮಾಸ್ತೆಯ ಕೆಲಸ ಎಂದು ತಿಳಿದದ್ದು ಆಗಲೇ.

ಮಮ್ದಾನಿಯ ಗೆಲುವು ವಿಡಿಯೊಗಳ ಗೆಲುವು ಎಂದು ಊರಿನ ಗೆಳೆಯರು ಈಗಲೂ ವಾದಿಸುತ್ತಾರೆ. ವಿಡಿಯೊಗಳು ಚೆನ್ನಾಗಿದ್ದವು, ಒಪ್ಪುತ್ತೇನೆ. 2024ರ ನವೆಂಬರಿನಲ್ಲಿ, ಟ್ರಂಪ್ ಗೆದ್ದ ಬೆನ್ನಿಗೇ, ಆತ ಬ್ರಾಂಕ್ಸ್‌ನ ಫೋರ್ಡಂ ರೋಡ್ ಮತ್ತು ಕ್ವೀನ್ಸ್‌ನ ಹಿಲ್‌ಸೈಡ್ ಅವೆನ್ಯೂನಲ್ಲಿ ಮೈಕ್ ಹಿಡಿದು ನಿಂತು ‘ಯಾರಿಗೆ ಮತ ಹಾಕಿದಿರಿ, ಏಕೆ?’ ಎಂದು ಕೇಳಿದ. ಬೈಯಲಿಲ್ಲ, ತಿದ್ದಲಿಲ್ಲ, ಕೇಳಿಸಿಕೊಂಡ. ಹಲಾಲ್ ಗಾಡಿಗಳ ಅನ್ನದ ಬೆಲೆ ಏಕೆ ಏರಿತು ಎಂಬ ಇನ್ನೊಂದು ವಿಡಿಯೊದಲ್ಲಿ, ಪರವಾನಗಿಗಳು ಕೆಲವರ ಕೈಯಲ್ಲಿ ಸಿಕ್ಕಿಕೊಂಡು ಗಾಡಿಯವನು ಸಾವಿರಾರು ಡಾಲರ್ ತೆತ್ತು ಅವನ್ನು ಬಾಡಿಗೆಗೆ ಪಡೆಯುವ ದಂಧೆಯನ್ನು ಬಿಡಿಸಿಟ್ಟ. ಆದರೆ ವಿಡಿಯೊ ನೋಡಿ ಮೆಚ್ಚಿದವರಲ್ಲಿ ಎಷ್ಟೋ ಮಂದಿ ನ್ಯೂಯಾರ್ಕಿನವರೇ ಅಲ್ಲ. ನ್ಯೂಯಾರ್ಕಿನವರಲ್ಲಿ ಎಷ್ಟೋ ಮಂದಿ ಡೆಮಾಕ್ರಟಿಕ್ ಪಕ್ಷದಲ್ಲಿ ನೋಂದಾಯಿತರಲ್ಲ.

ಅದೇ ಮೊದಲ ಗಂಟು. ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಚುನಾವಣೆಯೇ ಪ್ರೈಮರಿ. ನ್ಯೂಯಾರ್ಕಿನ ಪ್ರೈಮರಿಯಲ್ಲಿ ಆಯಾ ಪಕ್ಷಕ್ಕೆ ಸೇರಿದವರಷ್ಟೇ ಮತ ಹಾಕಬಹುದು. ಈಗಾಗಲೇ ಮತದಾರರಾಗಿದ್ದು ಪಕ್ಷ ನಮೂದಿಸದವರು, ಬೇರೆ ಪಕ್ಷದಲ್ಲಿರುವವರು 2025ರ ಫೆಬ್ರವರಿ 14ರೊಳಗೆ ಬದಲಿಸಿಕೊಳ್ಳಬೇಕಿತ್ತು. ಚುನಾವಣೆಯೋ ಜೂನ್ 24ಕ್ಕೆ. ಚಳಿಗಾಲದಲ್ಲಿ, ಮಮ್ದಾನಿಯ ಹೆಸರೂ ಜನರಿಗೆ ತಿಳಿಯದಿದ್ದಾಗ, ನಾನು ಮಾಡಿದ್ದು ಇದೊಂದೇ ಕೆಲಸ: ಪರಿಚಯವಿರುವ ಪೌರರಿಗೆಲ್ಲ ಒಬ್ಬೊಬ್ಬರಿಗೇ ಸಂದೇಶ ಕಳಿಸಿ ‘ನಿನ್ನ ನೋಂದಣಿಯಲ್ಲಿ ಯಾವ ಪಕ್ಷ ಇದೆ, ನೋಡಿ ಹೇಳು’ ಎಂದು ಕಾಡುವುದು. ಗುಂಪಿಗೆ ಹಾಕಿದರೆ ಹೆಬ್ಬೆರಳಿನ ಚಿತ್ರ ಬರುತ್ತದೆ, ಕೆಲಸ ಆಗುವುದಿಲ್ಲ. ಅಭ್ಯರ್ಥಿಯ ನಾಮಪತ್ರಕ್ಕೆ ಸಹಿ ಸಂಗ್ರಹಿಸುವ ಕಾಲ ಬಂದಾಗ ನಾನು ಬರೀ ಜೊತೆಗಾತಿ, ಏಕೆಂದರೆ ಹಾಳೆಯ ಕೆಳಗೆ ಸಾಕ್ಷಿಯಾಗಿ ಸಹಿ ಹಾಕುವವರು ಸಾಮಾನ್ಯವಾಗಿ ಅದೇ ಪಕ್ಷದ ಮತದಾರರಾಗಿರಬೇಕು. ಚಳಿಯಲ್ಲಿ ಗೆಳತಿಗೆ ಕ್ಲಿಪ್‌ಬೋರ್ಡ್ ಹಿಡಿದು ನಿಂತೆ.

ಇಲ್ಲಿನ ಮತದಾರರ ಪಟ್ಟಿ ಒಂದು ವಿಚಿತ್ರ ಪುರಾಣ. ಯಾರಿಗೆ ಮತ ಹಾಕಿದರು ಎಂಬುದು ಗುಟ್ಟು. ಯಾವ ಯಾವ ಚುನಾವಣೆಯಲ್ಲಿ ಹಾಕಿದರು ಎಂಬುದು ಬಹಿರಂಗ. ಕಳೆದ ಮೂರೂ ಪ್ರೈಮರಿಗಳಲ್ಲಿ ಮತ ಹಾಕಿದವರನ್ನು ‘ಟ್ರಿಪಲ್ ಪ್ರೈಮ್’ ಎನ್ನುತ್ತಾರೆ. ಹಳೆಯ ಕಾಲದ ಪ್ರಚಾರಗಳು ಇವರ ಬಾಗಿಲನ್ನಷ್ಟೇ ಬಡಿಯುತ್ತಿದ್ದವು, ಅಂಚೆಯಲ್ಲಿ ಇವರಿಗಷ್ಟೇ ಕರಪತ್ರ ಕಳಿಸುತ್ತಿದ್ದವು. ಲೆಕ್ಕ ಸರಿಯೇ: ಬರುವವರೆಂದು ಖಾತ್ರಿಯಿರುವವರ ಮೇಲೆ ಹಣ ಹಾಕು. ಆದರೆ ಆ ಲೆಕ್ಕದಿಂದ ಕೆನ್ಸಿಂಗ್ಟನ್‌ನ ಬಾಂಗ್ಲಾದೇಶಿ ಟ್ಯಾಕ್ಸಿ ಚಾಲಕ, ರಿಚ್ಮಂಡ್ ಹಿಲ್‌ನ ಪಂಜಾಬಿ ಕುಟುಂಬ, ಜಾಕ್ಸನ್ ಹೈಟ್ಸ್‌ನ ನೇಪಾಳಿ ಹೆಂಗಸು ಯಾವ ಪಕ್ಷದ ಕಣ್ಣಿಗೂ ಬೀಳುವುದೇ ಇಲ್ಲ. ಅವರು ಮತ ಹಾಕದ್ದಕ್ಕೆ ಯಾರೂ ಹೋಗುವುದಿಲ್ಲ, ಯಾರೂ ಹೋಗದ್ದಕ್ಕೆ ಅವರು ಮತ ಹಾಕುವುದಿಲ್ಲ. ಮಮ್ದಾನಿ ಪ್ರಚಾರದಲ್ಲಿ ನನಗೆ ಹಿಡಿಸಿದ್ದು ಈ ಸುತ್ತನ್ನು ಮುರಿಯುವ ಹಟ. ಡ್ರಂ ಬೀಟ್ಸ್‌ನಂಥ ದಕ್ಷಿಣ ಏಷ್ಯಾ ಮೂಲದ ದುಡಿಯುವವರ ಸಂಘಟನೆಗಳು ವರ್ಷಗಳಿಂದ ಆ ಬೀದಿಗಳಲ್ಲಿದ್ದವು. 2021ರಲ್ಲಿ ಟ್ಯಾಕ್ಸಿ ಚಾಲಕರ ಸಾಲಮನ್ನಾಕ್ಕಾಗಿ ಮಮ್ದಾನಿ ಅವರೊಂದಿಗೆ 15 ದಿನ ಉಪವಾಸ ಕುಳಿತದ್ದನ್ನು ಚಾಲಕರು ಮರೆತಿರಲಿಲ್ಲ; ಬಾಗಿಲಲ್ಲಿ ನಾನು ಹೇಳುವ ಮೊದಲೇ ಅವರೇ ಹೇಳುತ್ತಿದ್ದರು.

ಬಾಗಿಲು ಬಡಿಯುವುದಕ್ಕೂ ಒಂದು ಕಸುಬುದಾರಿಕೆ ಇದೆ. ಮೊಬೈಲಿನ ಆ್ಯಪ್‌ನಲ್ಲಿ ನಿಮ್ಮ ಪಾಲಿನ ಬೀದಿ ಇರುತ್ತದೆ. ಅದಕ್ಕೆ ‘ಟರ್ಫ್’ ಎನ್ನುತ್ತಾರೆ. ಪ್ರತಿ ಮಾತುಕತೆಯ ನಂತರ ಒಂದರಿಂದ ಐದರವರೆಗೆ ಅಂಕ: ಒಂದು ಎಂದರೆ ಗಟ್ಟಿ ಬೆಂಬಲಿಗ, ಐದು ಎಂದರೆ ಗಟ್ಟಿ ವಿರೋಧಿ. ಹೊಸಬರು ನಗುನಗುತ್ತಾ ಮಾತನಾಡಿದವರಿಗೆಲ್ಲ ಒಂದು ಕೊಟ್ಟು ಬರುತ್ತಾರೆ. ನಮ್ಮ ಜನ ಯಾರಿಗೂ ಮುಖಕ್ಕೆ ಇಲ್ಲ ಎನ್ನುವುದಿಲ್ಲ. ಚಹಾ ಕೊಟ್ಟರೆಂದು ಮತ ಕೊಡುತ್ತಾರೆಂದಲ್ಲ. ‘ಯಾವ ದಿನ ಹೋಗುತ್ತೀರಿ? ಮತಗಟ್ಟೆ ಎಲ್ಲಿ? ಜೊತೆಗೆ ಯಾರು?’ ಎಂದು ಕೇಳಿ, ಉತ್ತರ ಬಂದರೆ ಮಾತ್ರ ನಾನು ಒಂದು ಒತ್ತುತ್ತಿದ್ದೆ. ಈ ಅಂಕಗಳೇ ಕೊನೆಯ ವಾರ ಯಾರ ಮನೆಗೆ ಮತ್ತೆ ಹೋಗಬೇಕೆಂದು ನಿರ್ಧರಿಸುವುದರಿಂದ ಇಲ್ಲಿ ಧಾರಾಳತನ ಸಲ್ಲದು.

ಮೊದಲ ವಾಕ್ಯದಲ್ಲಿ ಅಭ್ಯರ್ಥಿಯ ಹೆಸರನ್ನೇ ತರುತ್ತಿರಲಿಲ್ಲ. ‘ಬಾಡಿಗೆ ಈ ವರ್ಷ ಎಷ್ಟು ಏರಿತು?’ ಎಂದು ಕೇಳುತ್ತಿದ್ದೆ. ಬಾಡಿಗೆ ನಿಯಂತ್ರಿತ ಮನೆಗಳಿಗೆ ಏರಿಕೆ ನಿಲ್ಲಿಸುವುದು, ಉಚಿತ ಮತ್ತು ವೇಗದ ಬಸ್ಸು, ಎಲ್ಲ ಮಕ್ಕಳಿಗೂ ಶಿಶುಪಾಲನೆ: ಈ ಮೂರನ್ನು ಉರ್ದುವಿನಲ್ಲೂ ಒಂದೇ ಉಸಿರಿನಲ್ಲಿ ಹೇಳಬಹುದು. ಕಷ್ಟವಾದದ್ದು ಮತಪತ್ರ. ಒಬ್ಬರಿಗೇ ಮತ ಹಾಕುವ ಬದಲು ಇಷ್ಟದ ಕ್ರಮದಲ್ಲಿ ಐದು ಜನರವರೆಗೆ ಕ್ರಮಾಂಕ ಕೊಡಬಹುದಾದ ಪದ್ಧತಿ ಅದು. ಮಮ್ದಾನಿ ಇದನ್ನು ಮಾವಿನ ಲಸ್ಸಿಯ ಲೋಟಗಳಿಟ್ಟು ಹಿಂದಿ-ಉರ್ದುವಿನಲ್ಲಿ ವಿವರಿಸಿದ ವಿಡಿಯೊ ನನ್ನ ಅರ್ಧ ಕೆಲಸ ಉಳಿಸಿತು. ಬಾಗಿಲಲ್ಲೇ ಅದನ್ನು ತೋರಿಸಿ, ಅಜ್ಜಿ ನಕ್ಕ ಮೇಲೆ ಮಾತು ಮುಂದುವರಿಸುತ್ತಿದ್ದೆ. ವಿಡಿಯೊ ಎಂದರೆ ನನಗೆ ಅಷ್ಟೆ, ಕೈಚೀಲದಲ್ಲಿರುವ ಒಂದು ಕರಪತ್ರ.

ಕನ್ನಡ ಉಪಯೋಗಕ್ಕೆ ಬಂದದ್ದು ತೀರಾ ಅಪರೂಪ, ಏಕೆಂದರೆ ಈ ಭಾಗದ ಕನ್ನಡದ ಮನೆಗಳು ಹೆಚ್ಚಾಗಿ ನದಿಯಾಚೆ ನ್ಯೂಜೆರ್ಸಿಯಲ್ಲಿವೆ. ಫ್ಲಶಿಂಗ್‌ನ ಗಣೇಶ ದೇವಸ್ಥಾನದಿಂದ ಸ್ವಲ್ಪ ದೂರದ ಒಂದು ಮನೆಯಲ್ಲಿ ಮಾತ್ರ ಹಿರಿಯ ಅಮ್ಮನೊಬ್ಬರು ನನ್ನ ಇಂಗ್ಲಿಷ್ ಉಚ್ಚಾರದಿಂದಲೇ ಗುರುತು ಹಿಡಿದು, ‘ಯಾವ ಊರಮ್ಮ ನಿಂದು?’ ಎಂದರು. ಬಾಡಿಗೆ, ಬಸ್ಸು ಎಲ್ಲ ಕೇಳಿಸಿಕೊಂಡರು. ಕೊನೆಗೆ, ‘ಅದಿರಲಿ, ಹೀಗೆ ಬೀದಿ ಸುತ್ತುವುದು ನಿನ್ನ ತಂದೆತಾಯಿಗೆ ಗೊತ್ತೇ?’ ಎಂದರು. ಅವರಿಗೆ ನಾನು ಮೂರು ಅಂಕ ಕೊಟ್ಟೆ.

ಹಣದ ಮಾತಿಗೆ ಬಂದರೆ ನನಗೆ ಸಿಟ್ಟು ಬರುತ್ತದೆ. ಅಮೆರಿಕದ ಪ್ರಗತಿಪರ ಇಂಟರ್ನೆಟ್ ರಾಜಕೀಯ 1998ರಲ್ಲಿ ಕ್ಲಿಂಟನ್ ಮಹಾಭಿಯೋಗದ ಗಲಾಟೆಯಲ್ಲಿ ಒಂದು ಮನವಿಪತ್ರದಿಂದ ಹುಟ್ಟಿದ ಮೂವ್‌ಆನ್ ಸಂಘಟನೆಯಿಂದ, ಅಧ್ಯಕ್ಷ ಸ್ಥಾನಕ್ಕೆ ಟಿಕೆಟ್ ಬಯಸಿದ್ದ ಹೊವರ್ಡ್ ಡೀನ್‌ನ 2003ರ ಪ್ರಚಾರದಿಂದ, 2004ರಲ್ಲಿ ಶುರುವಾದ ಆ್ಯಕ್ಟ್‌ಬ್ಲೂ ಎಂಬ ಆನ್‌ಲೈನ್ ದೇಣಿಗೆ ತಾಣದಿಂದ ಸಣ್ಣ ದೇಣಿಗೆಯ ಶಕ್ತಿಯನ್ನು ಕಲಿಯಿತು. ದೊಡ್ಡ ಕುಳಗಳ ಹಂಗಿಲ್ಲದೆ ಚುನಾವಣೆಗೆ ನಿಲ್ಲಬಹುದು ಎಂಬುದು ಸಣ್ಣ ಸಾಧನೆಯಲ್ಲ. ಆದರೆ ಅದೇ ದಾರಿಯಲ್ಲಿ ‘ಇಂದು ರಾತ್ರಿಯೇ ಕೊನೆಯ ಗಡುವು’, ‘ನಿಮ್ಮ ಹಣ ಐದು ಪಟ್ಟು’ ಎಂದು ನಿವೃತ್ತ ಮುದುಕರನ್ನು ಹೆದರಿಸುವ ಸಂದೇಶಗಳ ಉದ್ಯಮವೂ ಬೆಳೆಯಿತು. ನ್ಯೂಯಾರ್ಕಿನ ವ್ಯವಸ್ಥೆ ಇದಕ್ಕೆ ಒಂದು ಲಗಾಮು ಹಾಕುತ್ತದೆ. ಪ್ರಚಾರಕ್ಕೆ ನಗರವೇ ಹಣ ಸೇರಿಸುವ ಯೋಜನೆಯೊಂದಿದೆ; ಅದಕ್ಕೆ ಸೇರಿದ ಅಭ್ಯರ್ಥಿಗೆ ನಗರವಾಸಿಯೊಬ್ಬ 10 ಡಾಲರ್ ಕೊಟ್ಟರೆ ನಗರದ ಬೊಕ್ಕಸ 80 ಸೇರಿಸುತ್ತದೆ, ಮತ್ತು ಖರ್ಚಿಗೆ ಮಿತಿ ಇರುತ್ತದೆ. 2025ರ ಮಾರ್ಚ್‌ನಲ್ಲಿ ಮಮ್ದಾನಿ ಆ ಮಿತಿ ಮುಟ್ಟುವಷ್ಟು ಹಣ ಬಂದಿದೆ ಎಂದು, ‘ದೇಣಿಗೆ ನಿಲ್ಲಿಸಿ, ಬಾಗಿಲು ಬಡಿಯಲು ಬನ್ನಿ’ ಎಂದು ಕೇಳಿದ. ಅಮೆರಿಕದ ರಾಜಕಾರಣಿಯೊಬ್ಬ ಹಣ ಸಾಕು ಎಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ನಂತರದ ಶನಿವಾರಗಳಲ್ಲಿ ನಾವು ಸೇರುವ ಉದ್ಯಾನದ ಮೂಲೆ ಸಾಲದಾಯಿತು.

ಭಯ ಇರಲಿಲ್ಲವೇ ಎಂದು ಕೇಳುತ್ತಾರೆ. ಇತ್ತು. ಅದೇ ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಲೆಸ್ತೀನ್ ಪರ ಹೋರಾಟಗಾರ ಮಹಮೂದ್ ಖಲೀಲ್‌ನನ್ನು, ಗ್ರೀನ್ ಕಾರ್ಡ್ ಇದ್ದರೂ, ವಲಸೆ ಅಧಿಕಾರಿಗಳು ಬಂಧಿಸಿ ಲೂಸಿಯಾನಾಕ್ಕೆ ಒಯ್ದರು. ಬಿಡುಗಡೆಯಾದದ್ದು ಜೂನ್ 20ಕ್ಕೆ. ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ತೆರೆದಿಡಬೇಕೆಂಬ ಆದೇಶವೂ ಆ ಜೂನ್‌ನಲ್ಲೇ ಬಂತು. ನನ್ನ ಜೊತೆಗಿದ್ದ ಇಬ್ಬರು ವಿದ್ಯಾರ್ಥಿಗಳು ಬರುವುದನ್ನು ಬಿಟ್ಟರು. ಅವರನ್ನು ಹೇಡಿಗಳೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ನಾನು ಗುಂಪು ಚಿತ್ರಗಳಿಂದ ಹೊರಗೆ ನಿಂತೆ, ನನ್ನ ಖಾತೆಯಲ್ಲಿ ಏನನ್ನೂ ಹಾಕಲಿಲ್ಲ, ಕಚೇರಿಯ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಹೀಗಾಗಿ ಇಂಟರ್ನೆಟ್ಟಿನಿಂದ ಹುಟ್ಟಿತೆನ್ನುವ ಆ ಚಳವಳಿಯಲ್ಲಿ ನಾನಿದ್ದೆ ಎಂಬುದಕ್ಕೆ ಇಂಟರ್ನೆಟ್ಟಿನಲ್ಲಿ ಸಾಕ್ಷಿಯಿಲ್ಲ.

ಜೂನ್ 24ರಂದು ಸುಡುವ ಬಿಸಿಲು, ಹತ್ತಿರಹತ್ತಿರ 100 ಡಿಗ್ರಿ ಫ್ಯಾರನ್‌ಹೀಟ್. ಮತಗಟ್ಟೆಯಿಂದ ನೂರು ಅಡಿ ಆಚೆ ನಿಂತು ನೀರು, ಕರಪತ್ರ ಹಂಚಿದೆವು. ಒಳಗೆ ಪ್ರಚಾರ ನಿಷಿದ್ಧ. ಎದುರಾಳಿ, ನ್ಯೂಯಾರ್ಕ್ ರಾಜ್ಯದ ಮಾಜಿ ಗವರ್ನರ್ ಆ್ಯಂಡ್ರೂ ಕುವೊಮೊ ಪರ, ಆತನ ಪ್ರಚಾರದ ಲೆಕ್ಕಕ್ಕೆ ಸೇರದ ಹೊರಗಿನ ನಿಧಿಗಳು 2 ಕೋಟಿ ಡಾಲರ್‌ಗೂ ಹೆಚ್ಚು ಸುರಿದಿದ್ದವು. ಆ ರಾತ್ರಿಯೇ ಆತ ಸೋಲೊಪ್ಪಿಕೊಂಡ; ಕ್ರಮಾಂಕಗಳ ಎಣಿಕೆ ಮುಗಿದಾಗ ಮಮ್ದಾನಿಗೆ ಶೇ. 56. ಆತ ಮೇಯರ್ ಆಗಿ ಗೆದ್ದ ನವೆಂಬರ್ 4ರ ಅಂತಿಮ ಚುನಾವಣೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಮೇಯರ್ ಚುನಾವಣೆಯಲ್ಲಿ 1969ರ ನಂತರ ಅಷ್ಟು ಜನ ಬಂದಿರಲಿಲ್ಲ.

ಬಾಡಿಗೆ ಏರಿಕೆ ನಿಲ್ಲಿಸುವ ಅಧಿಕಾರ ನೇರವಾಗಿ ಮೇಯರ್‌ಗಿಲ್ಲ. ಅವರು ನೇಮಿಸುವ ಒಂಬತ್ತು ಸದಸ್ಯರ ಬಾಡಿಗೆ ಮಂಡಳಿ ವರ್ಷಕ್ಕೊಮ್ಮೆ ಮತ ಹಾಕಿ ತೀರ್ಮಾನಿಸುತ್ತದೆ. ಅದರ ಬಹಿರಂಗ ವಿಚಾರಣೆಯಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ, ಬಾಡಿಗೆದಾರರಾಗಿದ್ದರೆ ಸಾಕು. ನಮ್ಮ ಕಟ್ಟಡದಲ್ಲಿ ಯಾರು ಯಾವ ಭಾಷೆಯಲ್ಲಿ ಮಾತನಾಡುತ್ತಾರೆ ಎಂಬ ಪಟ್ಟಿ ಈಗ ನನ್ನ ಬಳಿ ಇದೆ.