ಕೊಂಬು ಹವಳಕ್ಕೆ ಹುಣಸೆಹುಳಿ ಬೇಡ

ಅಮೆರಿಕದ ಸಿನ್ಸಿನಾಟಿ ಕಡೆ ಮಕ್ಕಳ ಮನೆಗೆ ಹೋದಾಗ ಸೀಸರ್ ಕ್ರೀಕ್ ಕೆರೆಗೆ ಒಮ್ಮೆ ಹೋಗಿ. ಅದರ ಕೋಡಿಯಲ್ಲಿ ಸುಮಾರು 45 ಕೋಟಿ ವರ್ಷ ಹಿಂದಿನ ಸಮುದ್ರದ ತಳ ಬಯಲಾಗಿ ಬಿದ್ದಿದೆ. ಆಡಿನ ಕೊಂಬಿನಂಥ ಪುಟ್ಟ ಹವಳಗಳು, ಅಂದರೆ ಕಲ್ಲಾಗಿ ಉಳಿದ ‘ಕೊಂಬು ಹವಳ’ಗಳು, ಅಲ್ಲಿ ಕೈಗೆ ಸಿಗುತ್ತವೆ. ಆರಿಸುವುದು ಸುಲಭ. ಮನೆಗೆ ತಂದ ಮೇಲೆ ಕೆಡಿಸುವವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಮೊದಲು ಅಲ್ಲಿನ ವಿಸಿಟರ್ ಸೆಂಟರ್‌ನಲ್ಲಿ ಅನುಮತಿ ಚೀಟಿ ಪಡೆಯಿರಿ. ಸುತ್ತಿಗೆ, ಉಳಿ ಒಯ್ಯುವ ಹಾಗಿಲ್ಲ. ಅಂಗೈಗಿಂತ ದೊಡ್ಡದನ್ನು ತರುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಇಂಥ ಹವಳಗಳಿರುವ ಇನ್ನೊಂದು ಜಾಗ, ಇಂಡಿಯಾನಾದ ಫಾಲ್ಸ್ ಆಫ್ ದಿ ಒಹಾಯೊದಲ್ಲಂತೂ ನೋಡಬಹುದು ಅಷ್ಟೆ, ಒಂದು ಚೂರೂ ಎತ್ತಬಾರದು.

ಮಳೆ ಬಂದು ಹೋದ ಮೇಲೆ ಹೋದರೆ ಒಳ್ಳೆಯದು. ಮಣ್ಣು ತೊಳೆದುಹೋಗಿ ಕಲ್ಲು ಎದ್ದು ಕಾಣುತ್ತದೆ.

ಸಿಕ್ಕಿದ್ದೆಲ್ಲ ಕೊಂಬು ಹವಳವಲ್ಲ. ಉದ್ದಕ್ಕೂ ಒಂದೇ ದಪ್ಪ ಇದ್ದು, ನಡುವೆ ತೂತಿದ್ದರೆ ಅದು ಕಡಲ ಲಿಲ್ಲಿ ಎಂಬ, ಹೂವಿನಂತೆ ಕಾಣುವ ಸಮುದ್ರಪ್ರಾಣಿಯ ಕಾಂಡ. ಕಡ್ಡಿಯಂತಿದ್ದು ಮೈತುಂಬ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಬ್ರಯೊಜೋವ, ಗುಂಪಾಗಿ ಬದುಕುವ ಪುಟಾಣಿ ಸಮುದ್ರಜೀವಿಗಳ ಗೂಡು. ಕೊಂಬು ಹವಳದ ಒಂದು ತುದಿ ಚೂಪು, ಇನ್ನೊಂದು ತುದಿ ಬಟ್ಟಲು. ಆ ಬಟ್ಟಲಲ್ಲಿ ಚಕ್ರದ ಕಡ್ಡಿಗಳಂತೆ ತೆಳುವಾದ ಗೋಡೆಗಳಿರಬೇಕು. ಇದೇ ನಿಜವಾದ ಗುರುತು.

ಎಡವಟ್ಟಾಗುವುದು ಇಲ್ಲೇ. ಬಟ್ಟಲಿನಲ್ಲಿ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಹಿತ್ತಾಳೆ ಚೊಂಬು ಬೆಳಗಿದ ಹಾಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ, ಇಲ್ಲವೇ ವಿನೆಗರ್‌ನಲ್ಲಿ ನೆನೆಹಾಕುತ್ತಾರೆ. ಹವಳ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ್ದು. ಹುಳಿ ತಗುಲಿದರೆ ನೊರೆ ಬಂದು ಕರಗುತ್ತದೆ. ಮೊದಲು ಹೋಗುವುದೇ ಆ ತೆಳು ಗೋಡೆಗಳು.

ಹಾಗಾಗಿ ಬರೀ ನೀರಲ್ಲಿ ಒಂದು ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ಹಳೆಯ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ತಂತಿ ಬ್ರಷ್ ಬೇಡವೇ ಬೇಡ. ಬಟ್ಟಲಿಗೆ ಬಿದಿರು ಕಡ್ಡಿಯೇ ಸರಿ. ಗೋಡೆಯ ಜೊತೆಜೊತೆಗೆ ನಡುವಿನಿಂದ ಅಂಚಿಗೆ ಎಳೆಯಿರಿ. ಅಡ್ಡ ಕೆರೆದರೆ ಗೋಡೆ ಮುರಿಯುತ್ತದೆ. ಮಣ್ಣು ಬಿಡದಿದ್ದರೆ ಒಣಗಿಸಿ, ಮತ್ತೆ ನೆನೆಸಿ. ಎರಡು ಮೂರು ದಿನ ಹಿಡಿದರೂ ಪರವಾಗಿಲ್ಲ. ಆಮೇಲೆ ಒದ್ದೆಯಾಗಿದ್ದಾಗಲೇ ಭೂತಗನ್ನಡಿಯಲ್ಲಿ ನೋಡಿ, ಗೋಡೆಗಳು ಸ್ಪಷ್ಟವಾಗಿ ಕಾಣುತ್ತವೆ.

ಹೊರಮೈಯ ಉಂಗುರ ಗೆರೆಗಳನ್ನೂ ಸವೆಸಬೇಡಿ. 1963ರಲ್ಲಿ ವಿಜ್ಞಾನಿ ಜಾನ್ ವೆಲ್ಸ್ ಡೆವೋನಿಯನ್ ಕಾಲದ (ಸುಮಾರು 40 ಕೋಟಿ ವರ್ಷ ಹಿಂದಿನ) ಹವಳಗಳಲ್ಲಿ, ದಿನಕ್ಕೊಂದು ಎಂದು ಹಿಡಿದು, ಇಂಥ ಸಣ್ಣ ಗೆರೆಗಳನ್ನು ಎಣಿಸಿಯೇ, ಆಗ ವರ್ಷಕ್ಕೆ ಸುಮಾರು 400 ದಿನಗಳಿದ್ದವು ಎಂದು ಲೆಕ್ಕ ಹಾಕಿದ್ದು. ಹೊಳಪಿಗಾಗಿ ವಾರ್ನಿಷ್ ಬಳಿದರೆ ಈ ಗೆರೆ ಮುಚ್ಚಿಹೋಗುತ್ತದೆ.

ಇನ್ನು ಹೆಸರು. ಆ ಕಡೆ ಸಿಗುವ ದೊಡ್ಡ ಕೊಂಬುಗಳನ್ನು ಗ್ರೂವಿಂಗ್ಕಿಯಾ ಎನ್ನುತ್ತಾರೆ. ಅದನ್ನೇ ಹೋಲುವ ಸ್ಟ್ರೆಪ್ಟಿಲಾಸ್ಮಾ ಕೂಡ ಇದೆ. ಎರಡನ್ನೂ ಖಚಿತವಾಗಿ ಬೇರೆ ಮಾಡಲು ಅಡ್ಡ ಕೊಯ್ದು ನಡುಭಾಗ ನೋಡಬೇಕು. ಒಂದೇ ಒಂದಿದ್ದರೆ ಕೊಯ್ಯಬೇಡಿ, ಸುಮ್ನೆ ‘ಕೊಂಬು ಹವಳ’ ಎಂದು ಬರೆದರೆ ಸಾಕು. ಆದರೆ ಸಿಕ್ಕಿದ ಜಾಗ ಮತ್ತು ತಾರೀಕನ್ನು ಅದೇ ದಿನ ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಡಿ.