ಅಪ್ಪನ ದನಿಗೆ ಒಂದು ಟ್ರಾನ್ಸಿಸ್ಟರ್

ಕಾಯಿಲೆಯಿಂದ ಎದ್ದ ಮೇಲೆ ಅಪ್ಪನ ದನಿ ತುಂಬಾ ಸಣ್ಣದಾಯಿತು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅವರು ಹೊರಗಿನ ಕೋಣೆಯಿಂದ ಕರೆದರೆ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳುತ್ತಿರಲಿಲ್ಲ. ಕಂಪ್ಯೂಟರಿನ ಹಳೇ ಸ್ಪೀಕರ್ ಒಂದಿತ್ತು. ಅದಕ್ಕೆ ಮೈಕ್ ಸೇರಿಸಿದರೆ ಆಯ್ತಲ್ವಾ ಅಂದುಕೊಂಡೆ. ಆದರೆ ಗುಂಡಿಯಷ್ಟು ದೊಡ್ಡ ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಸ್ಪೀಕರಿಗೆ ಅದು ಸಾಲದು. ನಡುವೆ ಅದನ್ನು ದೊಡ್ಡದು ಮಾಡುವ ಒಂದು ಆಂಪ್ಲಿಫೈಯರ್ ಬೇಕು.

ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆ. ಅಲ್ಲಿಂದ ನಡೆದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್. ಬೋರ್ಡಿನಲ್ಲಿ ಭಡಕಮ್ಕರ್ ಮಾರ್ಗ ಎಂದಿದ್ದರೂ ಜನರ ಬಾಯಲ್ಲಿ ಹಳೇ ಹೆಸರೇ. ಬಿಸಿ 547 ಟ್ರಾನ್ಸಿಸ್ಟರ್, ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್, ಬೆಸುಗೆಯಿಲ್ಲದೆ ಜೋಡಿಸುವ ಬ್ರೆಡ್‌ಬೋರ್ಡ್ ತಂದೆ.

ಟ್ರಾನ್ಸಿಸ್ಟರಿಗೆ ಮೂರು ಕಾಲು: ಬೇಸ್, ಕಲೆಕ್ಟರ್, ಎಮಿಟರ್. ಮೊದಲ ಸಲ ಸುಲಭದ ದಾರಿ ಹಿಡಿದೆ. 9 ವೋಲ್ಟ್ ಬ್ಯಾಟರಿಯಿಂದ ಬೇಸಿಗೆ 1 ಮೆಗಾ ಓಮ್, ಕಲೆಕ್ಟರಿಗೆ 4.7 ಕಿಲೋ ಓಮ್, ಎಮಿಟರ್ ನೇರವಾಗಿ ಮೈನಸ್ಸಿಗೆ. ಮಾತಾಡಿದರೆ ಬರೀ ಗೊರಗೊರ ಸದ್ದು.

ಕೆಳಗಿನ ಮನೆಯ ಕಾಕಾ ಧಾರವಾಡದ ಕಡೆಯವರು. ವರ್ಷಗಟ್ಟಲೆ ರೇಡಿಯೊ ರಿಪೇರಿ ಮಾಡಿದವರು. ಮಲ್ಟಿಮೀಟರ್ ತಗೊಂಡು ಕಲೆಕ್ಟರ್ ಮುಟ್ಟಿಸಿದರು. 0.1 ವೋಲ್ಟ್, ಅಂದರೆ ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಂಡಿತ್ತು. ‘ಪೂರಾ ಬಿಟ್ಟ ನಳಾ ಇನ್ನೆಷ್ಟು ತಿರಗಬೇಕವಾ?’ ಅಂದರು.

ಆ ಒಂದು ಮಾತಿನಿಂದ ನನಗೆ ಟ್ರಾನ್ಸಿಸ್ಟರ್ ಅರ್ಥವಾಯಿತು. ಅದು ಮೈಕಿನ ದನಿಯನ್ನು ಎಳೆದು ದೊಡ್ಡದು ಮಾಡುವುದಿಲ್ಲ. ನೀರು ಟಾಕಿಯದ್ದು, ಅಂದರೆ ಬ್ಯಾಟರಿಯದ್ದು. ಬೇಸಿಗೆ ಹೋಗುವ ಸಣ್ಣ ಕರೆಂಟು ನಲ್ಲಿ ತಿರುಗಿಸುವ ಬೆರಳು ಇದ್ದಂತೆ. ಬೆರಳು ಅಲುಗಿದ ಹಾಗೇ ಕಲೆಕ್ಟರಿನ ದೊಡ್ಡ ಕರೆಂಟು ಏರಿಳಿಯುತ್ತದೆ. ಆ ಏರಿಳಿತ 4.7 ಕಿಲೋ ಓಮ್ ರೆಸಿಸ್ಟರಿನಲ್ಲಿ ಹರಿದಾಗ ವೋಲ್ಟೇಜಿನ ಏರಿಳಿತವಾಗಿ ಸಿಗುತ್ತದೆ. ಯಾರೂ ಮಾತಾಡದಿದ್ದಾಗ ನಲ್ಲಿ ಅರ್ಧ ತೆರೆದಿರಬೇಕು, ಅಂದರೆ ಕಲೆಕ್ಟರಿನಲ್ಲಿ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ನಿಲ್ಲಬೇಕು. ಆಗಲೇ ದನಿಗೆ ಎರಡೂ ಕಡೆ ಜಾಗ ಇರುತ್ತದೆ. ಇದೇ ಬಯಾಸ್. ನನ್ನ ಪ್ರಕಾರ ಆಂಪ್ಲಿಫೈಯರಿನ ಮುಕ್ಕಾಲು ಕೆಲಸ ಇದೇ.

ಬೇಸಿಗೆ ಹಾಕಿದ ಒಂದೇ ರೆಸಿಸ್ಟರಿನಿಂದ ಬಯಾಸ್ ಏಕೆ ಸರಿ ಕೂರಲಿಲ್ಲ? ಬಿಸಿ 547ರ ಗೇನ್, ಅಂದರೆ ಬೇಸಿನ ಕರೆಂಟಿಗಿಂತ ಕಲೆಕ್ಟರಿನ ಕರೆಂಟು ಎಷ್ಟು ಪಟ್ಟು ದೊಡ್ಡದು ಎಂಬುದು, 110ರಿಂದ 800ರವರೆಗೆ ಎಷ್ಟು ಬೇಕಾದರೂ ಇರಬಹುದು. ಕೊನೆಯಲ್ಲಿರುವ ಎ, ಬಿ, ಸಿ ಅಕ್ಷರ ನೋಡಿ ಕೊಂಡರೂ ವ್ಯತ್ಯಾಸ ತಪ್ಪುವುದಿಲ್ಲ. ಟ್ರಾನ್ಸಿಸ್ಟರ್ ಕಾದರೂ ಅದು ಬದಲಾಗುತ್ತದೆ.

ಕಾಕಾ ಹೇಳಿದಂತೆ ಮತ್ತೆ ಜೋಡಿಸಿದೆ. ಬ್ಯಾಟರಿಯ ಪ್ಲಸ್ಸಿನಿಂದ ಬೇಸಿಗೆ 47 ಕಿಲೋ ಓಮ್, ಬೇಸಿನಿಂದ ಮೈನಸ್ಸಿಗೆ 10 ಕಿಲೋ ಓಮ್. ಅಲ್ಲಿ ಸುಮಾರು 1.6 ವೋಲ್ಟ್ ನಿಲ್ಲುತ್ತದೆ. ಬೇಸ್ ಮತ್ತು ಎಮಿಟರ್ ನಡುವೆ 0.65ರಷ್ಟು ಕಳೆದರೆ ಎಮಿಟರಿನಲ್ಲಿ 0.9. ಎಮಿಟರಿನಿಂದ ಮೈನಸ್ಸಿಗೆ 1 ಕಿಲೋ ಓಮ್ ಹಾಕಿದ್ದರಿಂದ ಕರೆಂಟು 0.9 ಮಿಲಿಆಂಪ್. ಈ ರೆಸಿಸ್ಟರ್ ಕಾವಲುಗಾರನ ಹಾಗೆ. ಕರೆಂಟು ಜಾಸ್ತಿಯಾದರೆ ಎಮಿಟರಿನ ವೋಲ್ಟೇಜ್ ಏರುತ್ತದೆ, ಬೇಸಿಗೂ ಅದಕ್ಕೂ ನಡುವಿನ ಅಂತರ ಕಮ್ಮಿಯಾಗುತ್ತದೆ, ಕರೆಂಟು ತಾನಾಗಿ ಇಳಿಯುತ್ತದೆ. ಮೀಟರ್ ಇಟ್ಟು ನೋಡಿದೆ. ಕಲೆಕ್ಟರಿನಲ್ಲಿ 4.6 ವೋಲ್ಟ್. ಹತ್ತಿರ ಹತ್ತಿರ ಅರ್ಧ! ಟ್ರಾನ್ಸಿಸ್ಟರ್ ಬದಲಿಸಿ ನೋಡಿದರೂ ಹೆಚ್ಚು ಅಲುಗಲಿಲ್ಲ.

ಆದರೆ ಆ ಕಾವಲುಗಾರ ದನಿಯನ್ನೂ ತಡೆಯುತ್ತಾನೆ. ನಾಲ್ಕೈದು ಪಟ್ಟು ಮಾತ್ರ ದೊಡ್ಡದಾಯಿತು. ಆ 1 ಕಿಲೋ ಓಮ್ ರೆಸಿಸ್ಟರಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಏರಿಳಿಯುವ ದನಿಗೆ ಅದು ಬೇರೆ ದಾರಿ ಬಿಡುತ್ತದೆ, ಬಯಾಸನ್ನು ಮುಟ್ಟುವುದಿಲ್ಲ. ಈಗ ನೂರು ಪಟ್ಟಿಗೂ ಜಾಸ್ತಿ. ಮೈಕ್ ಪಕ್ಕದಲ್ಲೇ ಸ್ಪೀಕರ್ ಇದ್ದುದರಿಂದ ಕೂಯ್ ಎಂದು ಕೂಗಿಕೊಂಡಿತು. ಉದ್ದ ವೈರ್ ಎಳೆದು ಸ್ಪೀಕರನ್ನು ಅಡುಗೆಮನೆಯ ಕಪಾಟಿನ ಮೇಲಿಟ್ಟು ದನಿ ಸ್ವಲ್ಪ ಇಳಿಸಿದೆ.

ಅಪ್ಪ ಮೈಕ್ ಕೈಗೆ ತಗೊಂಡು, ‘ಇವಳೇ, ಸ್ವಲ್ಪ ನೀರು’ ಅಂದರು.

‘ಬಂದೆ’ ಅಂದರು ಅಮ್ಮ, ಒಳಗಿನಿಂದ.